ಮರೆವೆಂಬ ಆವರಣ

ಅಕ್ಷರ ಬಾರದವನನ್ನು ಲೋಕವು ಅಜ್ಞಾನಿಯೆನ್ನುತ್ತದೆ. ತತ್ತ್ವಶಾಸ್ತ್ರವು ಆ ಮಾತನ್ನು ತನ್ನನ್ನು ತಾನರಿಯದವನಿಗೆ ಹೇಳುತ್ತದೆ. ಅಂಥವನು ಪಂಡಿತನಾಗಿರಬಹುದು, ದಾನಿಯೂ ಆಗಿರಬಹುದು. ಈ ಅರಿಯಮೆಯನ್ನು ಅದ್ವೈತಿಗಳು ಅವಿದ್ಯೆಯೆಂದರು, ಶೈವಾಗಮಗಳು ಮಲವೆಂದವು, ಶರಣರು ಅಚ್ಚಗನ್ನಡದಲ್ಲಿ ಮರೆವು ಎಂದರು. ಈ ಕೊನೆಯ ಪದದಲ್ಲಿ ಒಂದು ಭರವಸೆಯಿದೆ. ತನ್ನಲ್ಲಿ ಎಂದೂ ಇಲ್ಲದುದನ್ನು ಯಾರೂ ಮರೆಯಲಾರರು. ಆದುದರಿಂದ ಅರಿವನ್ನು ಹೊರಗಿನಿಂದ ತರಬೇಕಾಗಿಲ್ಲ. ಅದನ್ನು ಮುಚ್ಚಿದುದನ್ನು ಸರಿಸಬೇಕು.

ಹೊಸದುರ್ಗ ತಾಲ್ಲೂಕಿನ ಮಾಡದಕೆರೆಯ ಹೆಸರಿನಲ್ಲಿಯೇ ಕೆರೆಯಿದೆ. ಮಳೆ ಕಡಿಮೆಯಾದ ಆ ಸೀಮೆಯ ಒಕ್ಕಲುಮಕ್ಕಳಿಗೆ ಈ ವಿಚಾರವನ್ನು ಬಹಳ ವಿವರಿಸಬೇಕಾಗಿಲ್ಲ. ಕೆರೆಯ ನೀರನ್ನು ಮುಚ್ಚುವ ಪಾಚಿ ಆ ನೀರಿನಲ್ಲಿಯೇ ಬೆಳೆದುದು. ಅದನ್ನು ಸರಿಸಿದವನು ನೀರನ್ನು ಹೊಸದಾಗಿ ತರುವುದಿಲ್ಲ. ಇದ್ದ ನೀರನ್ನು ಕಾಣುತ್ತಾನೆ. ಹಾಗೆಯೇ ಆತ್ಮವನ್ನು ಆಶ್ರಯಿಸಿ ಬೆಳೆದ 'ನಾನು' ಎಂಬುದೇ ಆತ್ಮವನ್ನು ಮರೆಮಾಡುತ್ತದೆ.

ಈ ಆವರಣವನ್ನು ಶಾಸ್ತ್ರವು ಮೂರಾಗಿ ವಿಂಗಡಿಸಿದೆ. 'ನಾನು ಇಷ್ಟೇ' ಎಂಬ ಸಂಕೋಚವು ಆಣವಮಲ. 'ಇದು ನನ್ನದು, ಅದು ಅನ್ಯ' ಎಂಬ ಭೇದಬುದ್ಧಿಯು ಮಾಯಾಮಲ. 'ನಾನು ಮಾಡಿದೆ' ಎಂಬ ಕರ್ತೃತ್ವವೂ ಅದರ ಫಲದ ಬಂಧನವೂ ಕಾರ್ಮಿಕಮಲ. ವೇಧಾ, ಮಂತ್ರ, ಕ್ರಿಯಾ ಎಂಬ ಮೂರು ದೀಕ್ಷೆಗಳು ಕ್ರಮವಾಗಿ ಇವುಗಳನ್ನು ಕಳೆಯತಕ್ಕವು.

ಕೆಟ್ಟವನ ಅಜ್ಞಾನವು ಎಲ್ಲರಿಗೂ ಕಾಣುತ್ತದೆ. ಒಳ್ಳೆಯವನ ಅಜ್ಞಾನವು ಅವನ ಒಳ್ಳೆಯ ಕಾರ್ಯದ ಹಿಂದೆ ಅಡಗಿರುತ್ತದೆ. ಅದನ್ನು ಕಂಡುಹಿಡಿಯುವುದೇ ಕಷ್ಟ. ಇದಕ್ಕೆ ಹನ್ನೆರಡನೆಯ ಶತಮಾನದ ಸಿದ್ಧರಾಮನ ಚರಿತ್ರೆಯೇ ನಿದರ್ಶನ. ಇಂದಿನ ಸೊಲ್ಲಾಪುರವಾದ ಸೊನ್ನಲಿಗೆಯಲ್ಲಿ ಅವನು ಕೆರೆ ಕಟ್ಟಿಸಿದನು, ದೇಗುಲಗಳನ್ನು ನಿಲ್ಲಿಸಿದನು. ಜನಹಿತಕ್ಕೆ ಇದಕ್ಕಿಂತ ಮಿಗಿಲಾದ ಕಾರ್ಯವಾವುದು? ಆದರೂ ಅಲ್ಲಿಗೆ ಬಂದ ಅಲ್ಲಮಪ್ರಭುಗಳು ಅವನನ್ನು ಹೊಗಳಲಿಲ್ಲವೆಂದು ಹದಿನೈದನೆಯ ಶತಮಾನದಲ್ಲಿ ಸಂಕಲಿತವಾದ ಶೂನ್ಯಸಂಪಾದನೆ ನಿರೂಪಿಸುತ್ತದೆ. ಪ್ರಭುಗಳ ಕಟುನುಡಿಗೆ ಕೆಲಸಗಾರರು ಕೆರಳಿ ಕಲ್ಲೆಸೆದರು; ಸಿದ್ಧರಾಮನೂ ಕೋಪಗೊಂಡನು. ಆ ಕೋಪವೇ ಅವನ ಮರೆವಿನ ಗುರುತಾಯಿತು. ಕೆರೆಯು ಜನರದೆಂದು ಅವನು ನಿಜವಾಗಿ ತಿಳಿದಿದ್ದರೆ ತನ್ನನ್ನು ನಿಂದಿಸಿದುದು ಅವನನ್ನು ಅಷ್ಟು ಚುಚ್ಚಬೇಕಾಗಿರಲಿಲ್ಲ.

ಇಲ್ಲಿ ಗಮನಿಸಬೇಕಾದ ವಿಷಯವೊಂದುಂಟು. ಪ್ರಭುಗಳ ಆಕ್ಷೇಪವು ಕೆರೆಯ ಮೇಲಲ್ಲ, 'ನಾನು ಕಟ್ಟಿಸಿದೆ' ಎಂಬ ಭಾವದ ಮೇಲೆ. ಸೊಲ್ಲಾಪುರದ ಕೆರೆ ಇಂದಿಗೂ ಇದೆ. ಸಿದ್ಧರಾಮನಾದರೋ ಪ್ರಭುಗಳೊಡನೆ ಕಲ್ಯಾಣಕ್ಕೆ ಬಂದು, ಚನ್ನಬಸವಣ್ಣನವರಿಂದ ಇಷ್ಟಲಿಂಗ ದೀಕ್ಷೆಯನ್ನು ಪಡೆದನು. ವಯಸ್ಸಿನಲ್ಲಿ ಕಿರಿಯರಾದವರ ಮುಂದೆ ಹೆಸರುವಾಸಿಯಾದ ಯೋಗಿಯೊಬ್ಬನು ಬಾಗಿದುದೇ ಅವನ ಆವರಣವು ಸರಿಯಿತೆಂಬುದಕ್ಕೆ ಸಾಕ್ಷಿ. ಮುಂದೆ ಅವನು ಶೂನ್ಯಪೀಠವನ್ನೂ ಏರಿದನೆಂದು ಸಂಪ್ರದಾಯವು ಹೇಳುತ್ತದೆ.

ಗೃಹಸ್ಥನು ಇದರಿಂದ ಗ್ರಹಿಸತಕ್ಕದ್ದೇನು? ಹೊಲ, ಮನೆ, ಮಕ್ಕಳು, ಊರಿನ ಕೆಲಸ ಇವಾವುವೂ ಆತ್ಮಜ್ಞಾನಕ್ಕೆ ಅಡ್ಡಿಯಲ್ಲ. ದಾನದಲ್ಲಿ ಕೊಡುವವನು ಮೇಲೆ ನಿಲ್ಲುತ್ತಾನೆ. ದಾಸೋಹದಲ್ಲಿ ಅವನೇ ದಾಸನಾಗುತ್ತಾನೆ. ಕೊಟ್ಟ ಅಕ್ಕಿ ಒಂದೇ, ಕೊಟ್ಟ ಭಾವ ಬೇರೆ. ಜಾತ್ರೆಯ ಅನ್ನಸಂತರ್ಪಣೆಗೆ ಕೈಯೆತ್ತಿ ಕೊಟ್ಟವನು, ತನ್ನ ಹೆಸರನ್ನು ಕೂಗಲಿಲ್ಲವೆಂದು ಮುನಿದು ಮನೆಗೆ ಹೋದರೆ, ಆ ಮುನಿಸೇ ಅವನಿಗೆ ಗುರುವಾಗಬಲ್ಲುದು. ಮರುದಿನ ಪೂಜೆಗೆ ಕುಳಿತು ಇಷ್ಟಲಿಂಗವನ್ನು ಕರಸ್ಥಲದಲ್ಲಿ ನಿಟ್ಟಿಸುವಾಗ, 'ನಿನ್ನೆ ನೊಂದವನು ಯಾರು?' ಎಂದು ಅವನು ತನ್ನನ್ನೇ ಕೇಳಿಕೊಳ್ಳಲಿ. ಪಾಚಿಯು ಒಂದೇ ದಿನದಲ್ಲಿ ಹೋಗುವುದಿಲ್ಲ. ಸರಿಸಿದಲ್ಲಿ ಮತ್ತೆ ಕೂಡುತ್ತದೆ. ಅದಕ್ಕಾಗಿಯೇ ಪೂಜೆಯನ್ನು ನಿತ್ಯವೂ ಮಾಡಬೇಕೆಂದು ವಿಧಿಸಿರುವುದು.