ತಲೆಗೆ ಪೆಟ್ಟು ಬಿದ್ದಾಗ: ಮೊದಲ 24 ಗಂಟೆ



ತಗಡೂರಿನ ಸುತ್ತಲಿನ ಹಳ್ಳಿಗಳಿಂದ ನಂಜನಗೂಡು, ತಿ. ನರಸೀಪುರಗಳಿಗೆ ಬೈಕಿನಲ್ಲಿ ಓಡಾಡುವವರು, ತೆಂಗಿನ ಮರ ಹತ್ತುವವರು, ಕಬ್ಬಿನ ಲೋಡಿನ ಮೇಲೆ ನಿಂತು ದುಡಿಯುವವರು ಬಿದ್ದರೆ ತಲೆಗೆ ಪೆಟ್ಟಾಗಬಹುದು. "ರಕ್ತ ಬಂದಿಲ್ಲ, ಎದ್ದು ಮಾತಾಡುತ್ತಿದ್ದಾನೆ, ಏನೂ ಆಗಿಲ್ಲ" ಎಂದು ಮನೆಯವರು ಸುಮ್ಮನಾಗುವುದುಂಟು. ಇದು ಅಪಾಯಕಾರಿ.

ಒಳಗೆ ಏನಾಗುತ್ತದೆ?
ತಲೆಬುರುಡೆ ಹಿಗ್ಗುವುದಿಲ್ಲ. ಒಳಗೆ ರಕ್ತ ಹೆಪ್ಪುಗಟ್ಟಿದರೆ ಅಥವಾ ಮೆದುಳು ಊದಿಕೊಂಡರೆ ಒತ್ತಡ ಹೆಚ್ಚುತ್ತದೆ. ಕೆಲವರು ಪೆಟ್ಟಾದ ಮೇಲೆ ಕೆಲವು ಗಂಟೆ ಚೆನ್ನಾಗಿದ್ದು, ಆಮೇಲೆ ಎಚ್ಚರ ತಪ್ಪುತ್ತಾರೆ. ಸಕಾಲದಲ್ಲಿ ಶಸ್ತ್ರಚಿಕಿತ್ಸೆಯಾದರೆ ಇಂಥವರಲ್ಲಿ ಅನೇಕರು ಗುಣಮುಖರಾಗುತ್ತಾರೆ.

ವೈದ್ಯರು ಹೇಗೆ ಪರೀಕ್ಷಿಸುತ್ತಾರೆ?
ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ವೈದ್ಯರಾದ ಟೀಸ್‌ಡೇಲ್ ಮತ್ತು ಜೆನೆಟ್ 1974ರಲ್ಲಿ ಪ್ರಕಟಿಸಿದ ಅಳತೆಯ ಕ್ರಮ ಇಂದು ಎಲ್ಲೆಡೆ ಬಳಕೆಯಲ್ಲಿದೆ. ಕಣ್ಣು ತೆರೆಯುವುದಕ್ಕೆ 4, ಮಾತಿಗೆ 5, ಕೈಕಾಲುಗಳ ಚಲನೆಗೆ 6, ಒಟ್ಟು 15 ಅಂಕ. ಕನಿಷ್ಠ 3.
* 13ರಿಂದ 15: ಸೌಮ್ಯ ಪೆಟ್ಟು
* 9ರಿಂದ 12: ಮಧ್ಯಮ
* 8 ಮತ್ತು ಅದಕ್ಕಿಂತ ಕಡಿಮೆ: ತೀವ್ರ

ಒಮ್ಮೆ ನೋಡಿದರೆ ಸಾಲದು. ಅಂಕ ಇಳಿಯುತ್ತಿದೆಯೇ ಎಂಬುದೇ ಮುಖ್ಯ. ಆದ್ದರಿಂದ ರಾತ್ರಿ ನರ್ಸ್ ಮತ್ತೆ ಮತ್ತೆ ಎಬ್ಬಿಸಿ ಹೆಸರು ಕೇಳಿ, ಕಣ್ಣಿಗೆ ಟಾರ್ಚ್ ಹಾಕಿ ನೋಡಿದರೆ ಬೇಸರಪಡಬೇಡಿ. ಒಳಗಿನ ರಕ್ತಸ್ರಾವ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ಅಗತ್ಯವಿದ್ದವರಿಗೆ ವೈದ್ಯರು ಸಿ.ಟಿ. ಸ್ಕ್ಯಾನ್ ಬರೆಯುತ್ತಾರೆ.

ಈ ಚಿಹ್ನೆಗಳಿದ್ದರೆ ತಕ್ಷಣ ಆಸ್ಪತ್ರೆಗೆ ಬನ್ನಿ:
1. ಎಬ್ಬಿಸಿದರೂ ಏಳದಿರುವುದು, ಅತಿಯಾದ ಮಂಪರು
2. ಪದೇ ಪದೇ ವಾಂತಿ, ಹೆಚ್ಚುತ್ತಿರುವ ತಲೆನೋವು
3. ಫಿಟ್ಸ್
4. ಕಿವಿ, ಮೂಗಿನಿಂದ ರಕ್ತ ಅಥವಾ ನೀರು ಸೋರುವುದು
5. ತೊದಲು ಮಾತು, ಕೈಕಾಲಿನಲ್ಲಿ ಬಲಹೀನತೆ

ವಯಸ್ಸಾದವರು, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಸಣ್ಣ ಪೆಟ್ಟಾದರೂ ತೋರಿಸಿಕೊಳ್ಳಬೇಕು. "ಕುಡಿದಿದ್ದಾನೆ, ಮಲಗಲಿ ಬಿಡಿ" ಎಂದು ಯಾರನ್ನೂ ಬಿಟ್ಟುಹೋಗಬೇಡಿ. ಮಂಪರು ಕುಡಿತದ್ದೋ ಪೆಟ್ಟಿನದೋ ಎಂದು ಹೊರಗಿನಿಂದ ತಿಳಿಯದು.

ಏನು ಮಾಡಬೇಕು, ಏನು ಮಾಡಬಾರದು?
108ಕ್ಕೆ ಕರೆ ಮಾಡಿ. ಕುತ್ತಿಗೆ ಅಲುಗಿಸಬೇಡಿ. ರಕ್ತ ಬರುತ್ತಿದ್ದರೆ ಶುಭ್ರವಾದ ಬಟ್ಟೆ ಒತ್ತಿಹಿಡಿಯಿರಿ. ಕಾಫಿಪುಡಿ, ಅರಿಶಿನ ತುಂಬಬೇಡಿ. ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಬೇಡಿ. ಫಿಟ್ಸ್ ಬಂದರೆ ಕೈಗೆ ಕಬ್ಬಿಣ ಕೊಡುವುದರಿಂದ ಪ್ರಯೋಜನವಿಲ್ಲ.

ಪೊಲೀಸ್, ಕೋರ್ಟು ಎಂದು ಹೆದರಬೇಡಿ. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯು ಅಪಘಾತದಲ್ಲಿ ನೆರವಾದವರಿಗೆ ರಕ್ಷಣೆ ನೀಡಿದೆ. ಬಿದ್ದವರನ್ನು ಎತ್ತುವುದೂ ದಾಸೋಹವೇ. ಬೈಕಿನಲ್ಲಿ ಮುಂದೆ ಕೂತವರೂ ಹಿಂದೆ ಕೂತವರೂ ಹೆಲ್ಮೆಟ್ ಧರಿಸಿ, ಪಟ್ಟಿ ಬಿಗಿಯಿರಿ.