ಟೆಸ್ಟೋಸ್ಟಿರೋನ್ ಚಿಕಿತ್ಸೆ ಪಡೆಯುವವರು ತಿಳಿದಿರಬೇಕಾದ ವಿಷಯ

ಲೈಂಗಿಕ ಆಸಕ್ತಿ ಕುಂದುವುದು, ಆಯಾಸ, ಸ್ನಾಯುಗಳ ಬಲ ಕುಗ್ಗುವುದು ಮುಂತಾದ ತೊಂದರೆಗಳಿರುವ ಗಂಡಸರಲ್ಲಿ ಟೆಸ್ಟೋಸ್ಟಿರೋನ್ ಹಾರ್ಮೋನು ಕಡಿಮೆಯಿದೆ ಎಂದು ರಕ್ತಪರೀಕ್ಷೆಯಿಂದ ಖಚಿತವಾದರೆ, ವೈದ್ಯರು ಅದನ್ನು ಚುಚ್ಚುಮದ್ದು ಅಥವಾ ಜೆಲ್ ರೂಪದಲ್ಲಿ ಕೊಡುತ್ತಾರೆ. ಅಗತ್ಯವಿದ್ದವರಿಗೆ ಇದು ಉಪಯುಕ್ತ ಚಿಕಿತ್ಸೆ. ಆದರೆ ಹೊರಗಿನಿಂದ ಬಂದ ಹಾರ್ಮೋನು ದೇಹದ ಸ್ವಂತ ಉತ್ಪಾದನೆಯನ್ನು ತಗ್ಗಿಸುತ್ತದೆ. ಮಕ್ಕಳು ಬೇಕೆನ್ನುವವರು ಇದನ್ನು ಮೊದಲೇ ತಿಳಿದಿರಬೇಕು.

ದೇಹದಲ್ಲಿ ಸಹಜವಾಗಿ ಏನು ನಡೆಯುತ್ತದೆ?

ಮಿದುಳಿನ ತಳಭಾಗದಲ್ಲಿರುವ ಹೈಪೋಥಲಾಮಸ್ ಪ್ರತಿ ಒಂದೂವರೆ-ಎರಡು ಗಂಟೆಗೊಮ್ಮೆ ಪಿಟ್ಯುಟರಿ ಗ್ರಂಥಿಗೆ ಸೂಚನೆ ಕಳಿಸುತ್ತದೆ. ಪಿಟ್ಯುಟರಿಯು ಎಲ್.ಎಚ್. ಮತ್ತು ಎಫ್.ಎಸ್.ಎಚ್. ಎಂಬ ಹಾರ್ಮೋನುಗಳನ್ನು ರಕ್ತಕ್ಕೆ ಬಿಡುತ್ತದೆ. ಎಲ್.ಎಚ್.ನಿಂದ ವೃಷಣಗಳಲ್ಲಿ ಟೆಸ್ಟೋಸ್ಟಿರೋನ್ ತಯಾರಾಗುತ್ತದೆ. ಎಫ್.ಎಸ್.ಎಚ್. ವೀರ್ಯಾಣುಗಳ ಬೆಳವಣಿಗೆಗೆ ನೆರವಾಗುತ್ತದೆ. ರಕ್ತದಲ್ಲಿ ಟೆಸ್ಟೋಸ್ಟಿರೋನ್ ಸಾಕಷ್ಟಾದಾಗ ಈ ಸೂಚನೆ ತಾನಾಗಿ ಕಡಿಮೆಯಾಗುತ್ತದೆ.

ಚುಚ್ಚುಮದ್ದು ತೆಗೆದುಕೊಂಡಾಗ ಏನಾಗುತ್ತದೆ?

ಟ್ಯಾಂಕು ತುಂಬಿದೊಡನೆ ತಾನಾಗಿ ನಿಲ್ಲುವ ಮೋಟಾರನ್ನು ನೀವು ನೋಡಿರಬಹುದು. ಹೊರಗಿನ ನೀರಿನಿಂದ ಟ್ಯಾಂಕು ತುಂಬಿಸಿದರೂ ಆ ಮೋಟಾರು ಚಾಲೂ ಆಗುವುದಿಲ್ಲ. ಹಾಗೆಯೇ, ರಕ್ತದಲ್ಲಿ ಹೊರಗಿನ ಟೆಸ್ಟೋಸ್ಟಿರೋನ್ ತುಂಬಿದಾಗ ಎಲ್.ಎಚ್., ಎಫ್.ಎಸ್.ಎಚ್. ಎರಡೂ ಇಳಿಯುತ್ತವೆ. ವೃಷಣಗಳು ಕೆಲಸ ಕಡಿಮೆ ಮಾಡಿ ಗಾತ್ರದಲ್ಲಿ ಕುಗ್ಗಬಹುದು. ವೀರ್ಯಾಣು ಬೆಳೆಯಲು ವೃಷಣದೊಳಗೆ ರಕ್ತದಲ್ಲಿರುವುದಕ್ಕಿಂತ ಹಲವು ಪಟ್ಟು ಹೆಚ್ಚು ಟೆಸ್ಟೋಸ್ಟಿರೋನ್ ಬೇಕು. ಚುಚ್ಚುಮದ್ದು ಆ ಕೊರತೆಯನ್ನು ತುಂಬಲಾರದು. ಆದ್ದರಿಂದ ರಕ್ತದ ವರದಿ ಚೆನ್ನಾಗಿದ್ದರೂ ವೀರ್ಯಾಣುಗಳು ಇಲ್ಲವಾಗಬಹುದು.

ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನವೊಂದು 1990ರಲ್ಲಿ ಪ್ರಕಟವಾಯಿತು. ಅದರಲ್ಲಿ 271 ಆರೋಗ್ಯವಂತ ಗಂಡಸರಿಗೆ ವಾರಕ್ಕೆ 200 ಮಿ.ಗ್ರಾಂ. ಟೆಸ್ಟೋಸ್ಟಿರೋನ್ ಕೊಡಲಾಯಿತು. ಆರು ತಿಂಗಳೊಳಗೆ 157 ಮಂದಿಯ ವೀರ್ಯದಲ್ಲಿ ಒಂದೂ ವೀರ್ಯಾಣು ಇರಲಿಲ್ಲ. ಎಲ್ಲರಲ್ಲೂ ಹೀಗಾಗದ ಕಾರಣ ಇದನ್ನು ಗರ್ಭನಿರೋಧಕವೆಂದು ನಂಬುವಂತಿಲ್ಲ.

ನಿಲ್ಲಿಸಿದರೆ ಸರಿಹೋಗುತ್ತದೆಯೇ?

ಬಹುಪಾಲು ಜನರಲ್ಲಿ ಸರಿಹೋಗುತ್ತದೆ, ಆದರೆ ಸಮಯ ಬೇಕು. ಒಂದು ವೀರ್ಯಾಣು ಬೆಳೆಯಲು ಸುಮಾರು ಎರಡೂವರೆ ತಿಂಗಳು ಬೇಕು. ಚೇತರಿಕೆಗೆ ಆರು ತಿಂಗಳಿಂದ ಒಂದು ವರ್ಷ, ಕೆಲವರಿಗೆ ಇನ್ನೂ ಹೆಚ್ಚು ಹಿಡಿಯಬಹುದು. ಈ ಅವಧಿಯಲ್ಲಿ ಸುಸ್ತು, ಬೇಸರ, ನಿರಾಸಕ್ತಿ ಕಾಣಿಸಬಹುದು.

ನೆನಪಿಡಿ:

1. ಮಕ್ಕಳು ಬೇಕೆಂದಿದ್ದರೆ ಚಿಕಿತ್ಸೆಗೆ ಮೊದಲೇ ವೈದ್ಯರಿಗೆ ತಿಳಿಸಿ. ವೃಷಣಗಳನ್ನೇ ಪ್ರಚೋದಿಸುವ ಎಚ್.ಸಿ.ಜಿ.ಯಂಥ ಬೇರೆ ಔಷಧಿಗಳಿವೆ.

2. ಒಂದೇ ಪರೀಕ್ಷೆಯ ಮೇಲೆ ಚಿಕಿತ್ಸೆ ಆರಂಭಿಸಬಾರದು. ಬೆಳಗಿನ ಹೊತ್ತು, ಬೇರೆ ಬೇರೆ ದಿನ, ಎರಡು ಬಾರಿ ರಕ್ತಪರೀಕ್ಷೆ ಅಗತ್ಯ.

3. ಚಿಕಿತ್ಸೆಯನ್ನು ನೀವಾಗಿಯೇ ನಿಲ್ಲಿಸಬೇಡಿ, ಪ್ರಮಾಣ ಹೆಚ್ಚಿಸಬೇಡಿ.

4. ಮೈಕಟ್ಟಿಗಾಗಿ ಜಿಮ್‌ಗಳಲ್ಲಿ ಸಿಗುವ ಸ್ಟೀರಾಯ್ಡ್ ಚುಚ್ಚುಮದ್ದುಗಳಿಂದಲೂ ಇದೇ ಪರಿಣಾಮ ಆಗುತ್ತದೆ. ತೆಗೆದುಕೊಂಡಿದ್ದರೆ ಮುಚ್ಚಿಡಬೇಡಿ.

5. ಮನೆಯವರಲ್ಲಿ ವಿನಂತಿ: ಮಕ್ಕಳಾಗಲಿಲ್ಲವೆಂದು ಸೊಸೆಯೊಬ್ಬಳನ್ನೇ ಪರೀಕ್ಷೆಗೆ ಕರೆತರಬೇಡಿ. ಗಂಡನ ವೀರ್ಯಪರೀಕ್ಷೆಯೂ ಆಗಬೇಕು. ಆತ ಯಾವ ಚುಚ್ಚುಮದ್ದು ತೆಗೆದುಕೊಂಡಿದ್ದಾನೆಂಬುದೂ ವೈದ್ಯರಿಗೆ ತಿಳಿಯಬೇಕು.

ಸಂಕೋಚ ಬೇಡ. ಮೊದಲೇ ಹೇಳಿದ ಒಂದು ಮಾತಿನಿಂದ ಎಷ್ಟೋ ತಿಂಗಳ ಕಾಯುವಿಕೆ ತಪ್ಪುತ್ತದೆ.