ಊರಿನ ಗೇಟು ಮತ್ತು ರಸ್ತೆ ಸುರಕ್ಷತೆ: ಗ್ರಾಮ ಪಂಚಾಯಿತಿ ಸದಸ್ಯರಿಗೆ ಅಧ್ಯಯನ ಪಾಠ

ಪಾಠದ ಉದ್ದೇಶ: ರಸ್ತೆ ಅಪಘಾತಗಳ ಸ್ವರೂಪವನ್ನು ತಿಳಿಯುವುದು, ತಮ್ಮ ಪಂಚಾಯಿತಿ ವ್ಯಾಪ್ತಿಯ ಅಪಾಯದ ಸ್ಥಳಗಳನ್ನು ಗುರುತಿಸುವುದು, ಪಂಚಾಯಿತಿಯ ಅಧಿಕಾರದೊಳಗೆ ಕೈಗೊಳ್ಳಬಹುದಾದ ಕ್ರಮಗಳನ್ನು ಸಭೆಯ ನಿರ್ಣಯವಾಗಿಸುವುದು.

1. ಪೀಠಿಕೆ

2023ರ ಅಕ್ಟೋಬರ್ 26ರ ಬೆಳಿಗ್ಗೆ ಚಿಕ್ಕಬಳ್ಳಾಪುರ ನಗರದ ಹೊರವಲಯದಲ್ಲಿ, ರಾಷ್ಟ್ರೀಯ ಹೆದ್ದಾರಿ 44ರ ಬದಿಯಲ್ಲಿ ನಿಂತಿದ್ದ ಟ್ಯಾಂಕರ್‌ಗೆ ಟಾಟಾ ಸುಮೋ ವಾಹನವೊಂದು ಹಿಂದಿನಿಂದ ಅಪ್ಪಳಿಸಿ 13 ಮಂದಿ ಮೃತಪಟ್ಟರು. ಆ ಹೊತ್ತಿಗೆ ರಸ್ತೆಯ ಮೇಲೆ ಮಂಜು ಕವಿದಿತ್ತು. ಅದಕ್ಕೆ ಎರಡು ವರ್ಷ ಮೊದಲು, 2021ರ ಸೆಪ್ಟೆಂಬರಿನಲ್ಲಿ, ಚಿಂತಾಮಣಿ ತಾಲ್ಲೂಕಿನ ಮರಿನಾಯಕನಹಳ್ಳಿ ಬಳಿ ಲಾರಿ ಮತ್ತು ಜೀಪಿನ ನಡುವೆ ಡಿಕ್ಕಿ ಸಂಭವಿಸಿ 8 ಮಂದಿ ಪ್ರಾಣ ಕಳೆದುಕೊಂಡರು.

ಈ ಎರಡು ಘಟನೆಗಳು ನಾಡಿನಾದ್ಯಂತ ಸುದ್ದಿಯಾದವು. ಆದರೆ ಡೇರಿಗೆ ಹಾಲು ಹಾಕಲು ಹೊರಟವರು, ಗೂಡಿನ ಮಾರುಕಟ್ಟೆಗೆ ಹೋದವರು, ಬಸ್ಸಿಳಿದು ರಸ್ತೆ ದಾಟುತ್ತಿದ್ದವರು ಒಬ್ಬೊಬ್ಬರಾಗಿ ಸಾಯುವಾಗ ಅದು ಆ ಊರಿನ ಶೋಕವಾಗಿ ಮಾತ್ರ ಉಳಿಯುತ್ತದೆ. ಒಟ್ಟು ಸಾವುಗಳ ಲೆಕ್ಕದಲ್ಲಿ ದೊಡ್ಡ ಪಾಲು ಇಂಥ ಒಂಟಿ ಸಾವುಗಳದ್ದೇ ಆಗಿದೆ. ಪಂಚಾಯಿತಿಯ ಕೈಗೆ ಎಟುಕುವುದೂ ಇವುಗಳನ್ನು ತಡೆಯುವ ಕೆಲಸವೇ.

2. ಅಂಕಿ ಅಂಶಗಳು ಹೇಳುವುದೇನು

ಕೇಂದ್ರ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯದ ವಾರ್ಷಿಕ ವರದಿಯ ಪ್ರಕಾರ 2022ರಲ್ಲಿ ದೇಶದಲ್ಲಿ 4,61,312 ಅಪಘಾತಗಳು ಸಂಭವಿಸಿ 1,68,491 ಮಂದಿ ಮೃತಪಟ್ಟಿದ್ದಾರೆ. ಹಿಂದಿನ ವರ್ಷ ಸಾವಿನ ಸಂಖ್ಯೆ 1,53,972 ಇತ್ತು. ಕರ್ನಾಟಕದಲ್ಲಿ 2021ರಲ್ಲಿ 10,038, 2022ರಲ್ಲಿ 11,702, 2023ರಲ್ಲಿ 12,321 ಮಂದಿ ರಸ್ತೆಗಳಲ್ಲಿ ಅಸುನೀಗಿದ್ದಾರೆ. ಸಾವಿನ ಸಂಖ್ಯೆ ಏರುಮುಖದಲ್ಲಿರುವುದು ಸ್ಪಷ್ಟ.

2022ರ ವರದಿಯ ಮೂರು ಅಂಶಗಳು ಗ್ರಾಮ ಪಂಚಾಯಿತಿಗೆ ನೇರವಾಗಿ ಸಂಬಂಧಿಸಿವೆ. ಮೊದಲನೆಯದಾಗಿ, ಮೃತರಲ್ಲಿ ಸುಮಾರು ಶೇ 68ರಷ್ಟು ಮಂದಿ ಸತ್ತದ್ದು ಗ್ರಾಮೀಣ ಪ್ರದೇಶಗಳಲ್ಲಿ. ವಾಹನಗಳ ದಟ್ಟಣೆ ನಗರದಲ್ಲಿದ್ದರೂ ಸಾವು ಹಳ್ಳಿಯ ಎಲ್ಲೆಯಲ್ಲಿದೆ. ಎರಡನೆಯದಾಗಿ, ಮೃತರಲ್ಲಿ ಶೇ 44.5ರಷ್ಟು ದ್ವಿಚಕ್ರ ವಾಹನದವರು, ಶೇ 19.5ರಷ್ಟು ಪಾದಚಾರಿಗಳು. ಅಂದರೆ ಪ್ರತಿ ಐದು ಸಾವುಗಳಲ್ಲಿ ಮೂರಕ್ಕೂ ಹೆಚ್ಚು ಈ ಎರಡು ವರ್ಗಕ್ಕೇ ಸೇರಿವೆ. ಮೂರನೆಯದಾಗಿ, ಹೆಲ್ಮೆಟ್ ಧರಿಸದೆ ಮೃತಪಟ್ಟ 50,029 ಮಂದಿಯಲ್ಲಿ 14,337 ಮಂದಿ ಹಿಂಬದಿಯಲ್ಲಿ ಕುಳಿತಿದ್ದವರು.

3. ನಾಲ್ಕು ಊರುಗಳ ರಸ್ತೆ

ಗೌರಿಬಿದನೂರು, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ ಮತ್ತು ಚಿಂತಾಮಣಿ ಪಟ್ಟಣಗಳನ್ನು ಒಂದೇ ರಸ್ತೆ ಪೋಣಿಸಿದೆ. ಮೊದಲು 234 ಎಂಬ ಸಂಖ್ಯೆ ಹೊಂದಿದ್ದ ಇದು ಈಗ ರಾಷ್ಟ್ರೀಯ ಹೆದ್ದಾರಿ 69 ಆಗಿದೆ. ಬೆಂಗಳೂರು–ಹೈದರಾಬಾದ್ ಹೆದ್ದಾರಿ 44 ಇದನ್ನು ಚಿಕ್ಕಬಳ್ಳಾಪುರದ ಬಳಿ ಸಂಧಿಸುತ್ತದೆ. ಹೊಸಕೋಟೆ–ಚಿಂತಾಮಣಿ, ದೊಡ್ಡಬಳ್ಳಾಪುರ–ಗೌರಿಬಿದನೂರು–ಹಿಂದೂಪುರ ಮಾರ್ಗಗಳು ಇದಕ್ಕೆ ಸೇರಿಕೊಳ್ಳುತ್ತವೆ.

ಒಂದೊಂದು ಪಟ್ಟಣದ ಸಂಚಾರಕ್ಕೂ ಅದರದೇ ವೇಳಾಪಟ್ಟಿ ಇದೆ. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಗೆ ರೈತರು ನಸುಕಿನಲ್ಲೇ ಹೊರಡುತ್ತಾರೆ. ಚಿಂತಾಮಣಿಯಲ್ಲಿ ಟೊಮೆಟೊ ಮತ್ತು ಮಾವಿನ ಕಾಲದಲ್ಲಿ ಸರಕು ವಾಹನಗಳ ಸಾಲು ರಾತ್ರಿಯಿಡೀ ಹರಿಯುತ್ತದೆ. ಗೌರಿಬಿದನೂರಿನಲ್ಲಿ ಕಾರ್ಖಾನೆಗಳ ಪಾಳಿ ಬದಲಾಗುವ ಹೊತ್ತು ದ್ವಿಚಕ್ರ ವಾಹನಗಳ ಹೊತ್ತು. ಚಿಕ್ಕಬಳ್ಳಾಪುರದಲ್ಲಿ ಹೂವು ತರಕಾರಿ ವಹಿವಾಟಿನ ಜೊತೆಗೆ ನಂದಿಬೆಟ್ಟಕ್ಕೂ, 2023ರ ಜನವರಿಯಿಂದ ಆವಲಗುರ್ಕಿಯ ಆದಿಯೋಗಿ ವಿಗ್ರಹಕ್ಕೂ ವಾರಾಂತ್ಯದಲ್ಲಿ ಬರುವ ಪ್ರವಾಸಿಗರ ವಾಹನಗಳು ಸೇರಿಕೊಂಡಿವೆ. ಇವುಗಳ ನಡುವೆ ಕ್ರಷರ್‌ಗಳ ಟಿಪ್ಪರ್‌ಗಳು ಓಡಾಡುತ್ತವೆ.

ಬೆಳಗಿನ ನಾಲ್ಕರಿಂದ ಏಳರವರೆಗಿನ ಅವಧಿಯನ್ನು ಸದಸ್ಯರು ವಿಶೇಷವಾಗಿ ಗಮನಿಸಬೇಕು. ಕತ್ತಲೆ, ಚಳಿಗಾಲದ ಮಂಜು ಮತ್ತು ರಾತ್ರಿಯೆಲ್ಲ ಓಡಿಸಿ ದಣಿದ ಚಾಲಕರು ಒಂದೆಡೆ. ಗೂಡಿನ ಚೀಲ, ಹಾಲಿನ ಕ್ಯಾನು, ಹೂವಿನ ಮೂಟೆ ಹೇರಿಕೊಂಡ ಮೊಪೆಡ್‌ಗಳು ಇನ್ನೊಂದೆಡೆ. ಹಿಂದೆ ಕಟ್ಟಿದ ಚೀಲವು ಕೆಂಪು ದೀಪವನ್ನು ಮುಚ್ಚಿಬಿಟ್ಟರೆ ಹಿಂದಿನಿಂದ ಬರುವ ಲಾರಿಯ ಚಾಲಕನಿಗೆ ಮುಂದೆ ವಾಹನವಿರುವುದೇ ತಿಳಿಯುವುದಿಲ್ಲ. ಚೀಲದ ಹಿಂಬದಿಗೆ ಒಂದು ಗೇಣು ಕೆಂಪು ಪ್ರತಿಫಲನ ಪಟ್ಟಿ ಹೊಲಿಸಿಕೊಳ್ಳುವುದಕ್ಕೆ ಹೆಚ್ಚಿನ ಖರ್ಚಿಲ್ಲ.

4. ಗೇಟು ಏಕೆ ಅಪಾಯಕಾರಿ

ಹಳ್ಳಿಯ ರಸ್ತೆ ಹೆದ್ದಾರಿಯನ್ನು ಸೇರುವ ಸ್ಥಳವನ್ನು ಈ ಭಾಗದಲ್ಲಿ ‘ಗೇಟು’ ಎನ್ನುವುದು ರೂಢಿ. ಬಸ್ಸು ನಿಲ್ಲುವುದು, ಟೀ ಅಂಗಡಿ ಇರುವುದು, ಶಾಲೆಯ ಮಕ್ಕಳು ಕಾಯುವುದು ಎಲ್ಲವೂ ಅಲ್ಲಿಯೇ. ಗಂಟೆಗೆ 80 ಕಿಲೋಮೀಟರ್ ವೇಗದ ವಾಹನವೂ ನಡೆದು ಬರುವ ಅಜ್ಜಿಯೂ ಒಂದೇ ನೆಲವನ್ನು ಹಂಚಿಕೊಳ್ಳುವ ಸ್ಥಳವದು.

ಇಲ್ಲಿ ಒಂದು ಸರಳ ಲೆಕ್ಕವನ್ನು ಅರಿಯುವುದು ಉಪಯುಕ್ತ. ಅಡ್ಡಿಯೊಂದು ಕಣ್ಣಿಗೆ ಬಿದ್ದು ಚಾಲಕನು ಬ್ರೇಕ್ ಒತ್ತುವಷ್ಟರಲ್ಲಿ ಎರಡೂವರೆ ಸೆಕೆಂಡು ಕಳೆಯುತ್ತದೆ ಎಂದು ರಸ್ತೆ ವಿನ್ಯಾಸದಲ್ಲಿ ಪರಿಗಣಿಸಲಾಗುತ್ತದೆ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಆ ಅವಧಿಯಲ್ಲಿ ವಾಹನ 28 ಮೀಟರ್ ಸಾಗುತ್ತದೆ. ಬ್ರೇಕ್ ಹಿಡಿದು ನಿಲ್ಲುವಾಗ ಒಟ್ಟು 45 ಮೀಟರ್ ಆಗಿರುತ್ತದೆ. ವೇಗ 80 ಆದರೆ ಬ್ರೇಕ್ ಒತ್ತುವ ಮೊದಲೇ 56 ಮೀಟರ್, ನಿಲ್ಲಲು ಒಟ್ಟು ಸುಮಾರು 120 ಮೀಟರ್ ಬೇಕು. ವೇಗ ಎರಡು ಪಟ್ಟಾದರೆ ನಿಲ್ಲುವ ದೂರ ಎರಡೂವರೆ ಪಟ್ಟು ಮೀರುತ್ತದೆ. ಇದು ಒಣಗಿದ, ಸಮತಟ್ಟಾದ ರಸ್ತೆಯ ಲೆಕ್ಕ. ಮಳೆ ಬಿದ್ದ ರಸ್ತೆಯಲ್ಲಿ, ಸವೆದ ಟೈರಿನಲ್ಲಿ, ಹೆಚ್ಚುವರಿ ಭಾರ ಹೊತ್ತ ಟಿಪ್ಪರ್‌ನಲ್ಲಿ ದೂರ ಇನ್ನೂ ಹೆಚ್ಚು.

ಆದ್ದರಿಂದ ಗೇಟಿನಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ: ಹೆದ್ದಾರಿಯ ಎರಡೂ ದಿಕ್ಕಿನಲ್ಲಿ 120 ಮೀಟರ್ ದೂರದ ವಾಹನ ಕಾಣುತ್ತದೆಯೇ? ಬಹುತೇಕ ಕಡೆ ನೋಟಕ್ಕೆ ಅಡ್ಡಬರುವುದು ಬೇಲಿ ಪೊದೆ, ಪೆಟ್ಟಿಗೆ ಅಂಗಡಿ, ಅಡ್ಡಾದಿಡ್ಡಿ ನಿಲ್ಲಿಸಿದ ಆಟೋ ಮತ್ತು ಶುಭಾಶಯದ ಫ್ಲೆಕ್ಸ್‌ಗಳು. ಆ ಫ್ಲೆಕ್ಸ್‌ನಲ್ಲಿ ಸದಸ್ಯರದೇ ಭಾವಚಿತ್ರವೂ ಇರಬಹುದು. ಅದನ್ನು ತೆರವುಗೊಳಿಸಲು ಯಾವ ಅನುದಾನವೂ ಬೇಕಾಗಿಲ್ಲ.

5. ಹಂಪ್ ಎಲ್ಲಿ ಇರಬೇಕು

ಗೇಟಿನಲ್ಲಿ ಸಾವು ಸಂಭವಿಸಿದ ಮರುದಿನ ಜನರು ರಸ್ತೆ ತಡೆ ನಡೆಸಿ ಹಂಪ್ ಕೇಳುವುದು ಸಹಜ. ಅವರ ದುಃಖವೂ ಸಿಟ್ಟೂ ನ್ಯಾಯವಾದವು. ಆದರೆ ರಾತ್ರೋರಾತ್ರಿ ಜಲ್ಲಿ, ಸಿಮೆಂಟು ಸುರಿದು ಮಾಡಿದ, ಬಣ್ಣವಾಗಲಿ ಫಲಕವಾಗಲಿ ಇಲ್ಲದ ದಿಬ್ಬವು ದ್ವಿಚಕ್ರ ವಾಹನ ಸವಾರರಿಗೆ ಮತ್ತೊಂದು ಅಪಾಯವಾಗುತ್ತದೆ. ಹಿಂಬದಿಯಲ್ಲಿ ಕುಳಿತ ಮಹಿಳೆಯರು ಇಂಥ ದಿಬ್ಬದಲ್ಲಿ ಎಗರಿ ಬಿದ್ದು ತಲೆಗೆ ಪೆಟ್ಟು ಮಾಡಿಕೊಳ್ಳುವುದುಂಟು.

ಭಾರತೀಯ ರಸ್ತೆ ಕಾಂಗ್ರೆಸ್‌ನ ಮಾನದಂಡದಂತೆ ಹಂಪ್‌ನ ಎತ್ತರ 10 ಸೆಂಟಿಮೀಟರ್, ಅಗಲ 3.7 ಮೀಟರ್ ಇದ್ದು, ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಸರಾಗವಾಗಿ ದಾಟುವಂತಿರಬೇಕು. ಸಾಕಷ್ಟು ಮುಂಚೆಯೇ ಎಚ್ಚರಿಕೆ ಫಲಕವಿರಬೇಕು, ಬಿಳಿ ಪಟ್ಟೆ ಬಳಿದಿರಬೇಕು.

ರಾಷ್ಟ್ರೀಯ ಹೆದ್ದಾರಿಯ ಮುಖ್ಯ ಪಥದಲ್ಲಿ ಹಂಪ್ ಹಾಕುವಂತಿಲ್ಲ. ಹೆದ್ದಾರಿಯನ್ನು ಸೇರುವ ಅಡ್ಡರಸ್ತೆಯಲ್ಲಿ ಹಾಕಬಹುದು. ಆ ಅಡ್ಡರಸ್ತೆ ಬಹುಪಾಲು ಪಂಚಾಯಿತಿಯದೇ ಆಗಿರುತ್ತದೆ. ‘ಲಾರಿಯವನು ವೇಗವಾಗಿ ಬಂದರೆ ನಮ್ಮವರು ಏಕೆ ನಿಧಾನಿಸಬೇಕು?’ ಎಂಬ ಪ್ರಶ್ನೆ ಸಭೆಯಲ್ಲಿ ಎದ್ದೇ ಏಳುತ್ತದೆ. ತಪ್ಪು ಯಾರದಾದರೂ ಪ್ರಾಣ ಹೋಗುವುದು ಮೊಪೆಡ್‌ನವರದು ಎಂಬುದೇ ಅದಕ್ಕೆ ಉತ್ತರ. ಊರ ಕಡೆಯಿಂದ ಬರುವವರು ಒಮ್ಮೆ ನಿಂತು, ಎರಡೂ ಕಡೆ ನೋಡಿ ಹೆದ್ದಾರಿಗೆ ಇಳಿಯುವಂತಾದರೆ ಎಷ್ಟೋ ಅಪಘಾತಗಳು ತಪ್ಪುತ್ತವೆ.

6. ರಸ್ತೆಯೇ ಕಣವಾದಾಗ

ಸುಗ್ಗಿಯಲ್ಲಿ ರಾಗಿ, ಹುರುಳಿ ಮುಂತಾದ ಪೈರುಗಳನ್ನು ಡಾಂಬರು ರಸ್ತೆಯ ಮೇಲೆ ಹರಡಿ, ವಾಹನಗಳು ತುಳಿದು ಹೋಗುವಂತೆ ಮಾಡುವುದು ಜಿಲ್ಲೆಯಲ್ಲಿ ವ್ಯಾಪಕವಾಗಿದೆ. ಹುರುಳಿ ಸೊಪ್ಪಿನ ಮೇಲೆ ದ್ವಿಚಕ್ರ ವಾಹನಗಳು ಜಾರುತ್ತವೆ. ಒಣ ಹುಲ್ಲು ಕಾರಿನ ತಳಭಾಗಕ್ಕೆ ಸುತ್ತಿಕೊಂಡು ಬೆಂಕಿ ಹೊತ್ತಿಕೊಳ್ಳುವ ಸಂಭವವೂ ಇದೆ. ರಾಶಿಯ ಸುತ್ತ ಇಟ್ಟ ಕಲ್ಲುಗಳು ಕತ್ತಲಾದ ಮೇಲೂ ಅಲ್ಲಿಯೇ ಉಳಿಯುತ್ತವೆ.

ಇದನ್ನು ಬರಿಯ ದಂಡದಿಂದ ನಿಲ್ಲಿಸಲಾಗದು. ಕಣ ಮಾಡಲು ಜಾಗವಿಲ್ಲದ ಸಣ್ಣ ರೈತರು ಬೇರೆ ದಾರಿಯಿಲ್ಲದೆ ರಸ್ತೆಗೆ ಬರುತ್ತಾರೆ. ಆದ್ದರಿಂದ ಉದ್ಯೋಗ ಖಾತರಿ ಕಾಮಗಾರಿಯಲ್ಲಿ ಊರಿಗೊಂದು ಸಾಮೂಹಿಕ ಒಕ್ಕಣೆ ಕಣವನ್ನು ಕ್ರಿಯಾ ಯೋಜನೆಗೆ ಸೇರಿಸಿ, ಅದು ಸಿದ್ಧವಾದ ನಂತರ ರಸ್ತೆಯ ಒಕ್ಕಣೆಯನ್ನು ನಿಷೇಧಿಸುವುದು ನ್ಯಾಯವಾದ ಕ್ರಮ.

7. ಅಪಘಾತವಾದ ಮೇಲೆ

ಮೊದಲ ಒಂದು ಗಂಟೆಯ ಅವಧಿಯಲ್ಲಿ ದೊರೆಯುವ ಚಿಕಿತ್ಸೆ ಜೀವ ಉಳಿಸುತ್ತದೆ. ಆಂಬುಲೆನ್ಸ್‌ಗೆ 108, ತುರ್ತು ನೆರವಿಗೆ 112, ರಾಷ್ಟ್ರೀಯ ಹೆದ್ದಾರಿಯಲ್ಲಿ 1033 ಸಂಖ್ಯೆಗೆ ಕರೆ ಮಾಡಬಹುದು. ಈ ಮೂರು ಸಂಖ್ಯೆಗಳನ್ನು ಪ್ರತಿ ಗೇಟಿನ ತಂಗುದಾಣದ ಗೋಡೆಯ ಮೇಲೆ ಬರೆಸತಕ್ಕದ್ದು.

‘ಮುಟ್ಟಿದರೆ ಪೊಲೀಸು, ಕೋರ್ಟು’ ಎಂಬ ಭಯದಿಂದ ಜನರು ಗಾಯಾಳುವಿನಿಂದ ದೂರ ನಿಲ್ಲುವುದು ಇಂದಿಗೂ ಇದೆ. ಈ ಭಯಕ್ಕೆ ಈಗ ಆಧಾರವಿಲ್ಲ. 2016ರಲ್ಲಿ ಸರ್ವೋಚ್ಚ ನ್ಯಾಯಾಲಯವು ನೆರವಿಗೆ ಬಂದವರಿಗೆ ರಕ್ಷಣೆ ನೀಡುವ ಮಾರ್ಗಸೂಚಿಗಳನ್ನು ಎತ್ತಿಹಿಡಿಯಿತು. 2019ರ ತಿದ್ದುಪಡಿಯ ಮೂಲಕ ಮೋಟಾರು ವಾಹನ ಕಾಯ್ದೆಗೆ 134ಎ ಪ್ರಕರಣ ಸೇರಿತು. ಸದುದ್ದೇಶದಿಂದ ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವರ ಮೇಲೆ ಸಿವಿಲ್ ಅಥವಾ ಕ್ರಿಮಿನಲ್ ಹೊಣೆ ಹೊರಿಸುವಂತಿಲ್ಲ. ಹೆಸರು ಹೇಳುವಂತೆ ಅವರನ್ನು ಒತ್ತಾಯಿಸುವಂತಿಲ್ಲ.

ಸಂತ್ರಸ್ತ ಕುಟುಂಬಗಳಿಗೆ ಸದಸ್ಯರು ತಿಳಿಸಬೇಕಾದ ಹಕ್ಕುಗಳು:

ಅ) 2025ರ ಮೇ ತಿಂಗಳಲ್ಲಿ ಜಾರಿಗೆ ಬಂದ ಕೇಂದ್ರದ ನಗದುರಹಿತ ಚಿಕಿತ್ಸಾ ಯೋಜನೆಯಡಿ ಗಾಯಾಳುವಿಗೆ ನಿಗದಿತ ಆಸ್ಪತ್ರೆಗಳಲ್ಲಿ ಏಳು ದಿನಗಳವರೆಗೆ, 1.5 ಲಕ್ಷ ರೂಪಾಯಿ ಮಿತಿಯಲ್ಲಿ ಚಿಕಿತ್ಸೆ.

ಆ) ಡಿಕ್ಕಿ ಹೊಡೆದು ಪರಾರಿಯಾದ, ಗುರುತು ಸಿಗದ ವಾಹನದ ಪ್ರಕರಣಗಳಲ್ಲಿ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50 ಸಾವಿರ ರೂಪಾಯಿ ಪರಿಹಾರ.

ಇ) ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅಪಘಾತದ ದಿನದಿಂದ ಆರು ತಿಂಗಳೊಳಗೆ ಅರ್ಜಿ ಸಲ್ಲಿಸಬೇಕು ಎಂಬ ನಿಯಮವಿದೆ. ತಿಥಿ ಕರ್ಮಗಳು ಮುಗಿದು ಮನೆಯವರು ಚೇತರಿಸಿಕೊಳ್ಳುವಷ್ಟರಲ್ಲಿ ಈ ಅವಧಿ ಜಾರಿಹೋಗುವುದರಿಂದ ಸದಸ್ಯರೇ ಮುಂದಾಗಿ ನೆನಪಿಸತಕ್ಕದ್ದು.

ವಿಮೆ ಇಲ್ಲದ ಬೈಕು ಇನ್ನೊಬ್ಬರ ಸಾವಿಗೆ ಕಾರಣವಾದರೆ ಪರಿಹಾರದ ಹೊರೆ ಮಾಲೀಕರ ಮೇಲೆಯೇ ಬೀಳುತ್ತದೆ. ಆ ಹಣಕ್ಕಾಗಿ ಜಮೀನು ಮಾರುವ ಸ್ಥಿತಿ ಬರಬಹುದು. ಅಪ್ರಾಪ್ತರು ವಾಹನ ಓಡಿಸಿ ಅಪರಾಧವೆಸಗಿದರೆ 199ಎ ಪ್ರಕರಣದಡಿ ಪೋಷಕರಿಗೆ ಅಥವಾ ಮಾಲೀಕರಿಗೆ ಮೂರು ವರ್ಷದವರೆಗೆ ಸೆರೆವಾಸ ಮತ್ತು 25 ಸಾವಿರ ರೂಪಾಯಿ ದಂಡವಿದೆ. ಹತ್ತನೆಯ ತರಗತಿಯ ಹುಡುಗನ ಕೈಗೆ ಗಾಡಿಯ ಕೀಲಿ ಕೊಡುವ ಮನೆಗಳಲ್ಲಿ ಈ ಮಾತು ತಲುಪಬೇಕು.

8. ಯಾವ ರಸ್ತೆ ಯಾರದು

ರಾಷ್ಟ್ರೀಯ ಹೆದ್ದಾರಿ 44 ಹೆದ್ದಾರಿ ಪ್ರಾಧಿಕಾರದ ವ್ಯಾಪ್ತಿಯಲ್ಲಿದೆ. ರಾಜ್ಯ ಹೆದ್ದಾರಿ ಮತ್ತು ಜಿಲ್ಲಾ ಮುಖ್ಯ ರಸ್ತೆಗಳು ಲೋಕೋಪಯೋಗಿ ಇಲಾಖೆಯವು. ಗ್ರಾಮೀಣ ರಸ್ತೆಗಳನ್ನು ಪಂಚಾಯತ್ ರಾಜ್ ಇಂಜಿನಿಯರಿಂಗ್ ವಿಭಾಗ ಮತ್ತು ಗ್ರಾಮ ಪಂಚಾಯಿತಿ ನೋಡಿಕೊಳ್ಳುತ್ತವೆ. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಯು ಇವರೆಲ್ಲರನ್ನೂ ಒಂದೇ ಮೇಜಿಗೆ ತರುತ್ತದೆ.

ರಾಷ್ಟ್ರೀಯ ಹೆದ್ದಾರಿಯ ಸುಮಾರು 500 ಮೀಟರ್ ಉದ್ದದಲ್ಲಿ ಮೂರು ವರ್ಷಗಳಲ್ಲಿ ಸಾವು ಅಥವಾ ತೀವ್ರ ಗಾಯದ 5 ಅಪಘಾತಗಳಾಗಿದ್ದರೆ, ಇಲ್ಲವೇ 10 ಮಂದಿ ಮೃತಪಟ್ಟಿದ್ದರೆ ಅದನ್ನು ಬ್ಲ್ಯಾಕ್ ಸ್ಪಾಟ್ ಎಂದು ಗುರುತಿಸಲಾಗುತ್ತದೆ. ‘ನಮ್ಮ ಗೇಟಿನಲ್ಲಿ ತುಂಬಾ ಅಪಘಾತವಾಗುತ್ತದೆ’ ಎಂಬ ಮನವಿ ಕಡತದಲ್ಲಿ ಉಳಿಯುತ್ತದೆ. ದಿನಾಂಕ, ಸಮಯ, ವಾಹನ, ಸಾವು ನೋವಿನ ಪಟ್ಟಿಯೊಂದಿಗೆ ಹೋದ ನಿರ್ಣಯಕ್ಕೆ ಉತ್ತರ ಕೊಡಲೇಬೇಕಾಗುತ್ತದೆ.

9. ಮಾದರಿ ನಿರ್ಣಯ

‘ಈ ಗ್ರಾಮ ಪಂಚಾಯಿತಿ ವ್ಯಾಪ್ತಿಯ ಗೇಟುಗಳಲ್ಲಿ ಕಳೆದ ಮೂರು ವರ್ಷಗಳ ಅಪಘಾತಗಳ ವಿವರವನ್ನು ಸಂಬಂಧಿಸಿದ ಪೊಲೀಸ್ ಠಾಣೆಯಿಂದ ಪಡೆಯಲು, ನೋಟಕ್ಕೆ ಅಡ್ಡಿಯಾದ ಪೊದೆ ಮತ್ತು ಫ್ಲೆಕ್ಸ್‌ಗಳನ್ನು 15 ದಿನಗಳೊಳಗೆ ತೆರವುಗೊಳಿಸಲು, ಹೆದ್ದಾರಿ ಸೇರುವ ಪಂಚಾಯಿತಿ ರಸ್ತೆಗಳಲ್ಲಿ ಮಾನದಂಡದಂತೆ ಹಂಪ್, ಫಲಕ ಮತ್ತು ಬೀದಿದೀಪಗಳನ್ನು ಕ್ರಿಯಾ ಯೋಜನೆಗೆ ಸೇರಿಸಲು, ಹೆದ್ದಾರಿಯ ಮೇಲಿನ ಕಾಮಗಾರಿಗಳಿಗಾಗಿ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೆ ಪತ್ರ ಬರೆಯಲು ಸಭೆಯು ಸರ್ವಾನುಮತದಿಂದ ತೀರ್ಮಾನಿಸಿದೆ.’

10. ವಾರ್ಡ್ ಸಭೆಯಲ್ಲಿ ಚರ್ಚಿಸಬೇಕಾದ ಪ್ರಶ್ನೆಗಳು

1. ನಮ್ಮ ವಾರ್ಡಿನಲ್ಲಿ ಕಳೆದ ಮೂರು ವರ್ಷಗಳಲ್ಲಿ ರಸ್ತೆಯಲ್ಲಿ ತೀರಿಕೊಂಡವರು ಎಷ್ಟು ಮಂದಿ? ಎಲ್ಲಿ, ಯಾವ ಹೊತ್ತಿನಲ್ಲಿ?

2. ಅವರಲ್ಲಿ ಹೆಲ್ಮೆಟ್ ಧರಿಸಿದ್ದವರು ಎಷ್ಟು? ಅವರ ಕುಟುಂಬಗಳಿಗೆ ಪರಿಹಾರ ದೊರೆತಿದೆಯೇ?

3. ರಾತ್ರಿ ನಮ್ಮ ಗೇಟಿನಲ್ಲಿ ಬೆಳಕಿದೆಯೇ? ಬಸ್ಸಿಗೆ ಕಾಯುವ ಮಕ್ಕಳು ಡಾಂಬರಿನ ಅಂಚಿನಿಂದ ಎಷ್ಟು ದೂರ ನಿಲ್ಲುತ್ತಾರೆ?

4. ಜಾತ್ರೆ, ಮದುವೆಗಳಿಗೆ ಟ್ರ್ಯಾಕ್ಟರ್ ಟ್ರೇಲರ್‌ನಲ್ಲಿ ಜನರನ್ನು ಕರೆದೊಯ್ಯುವುದನ್ನು ನಿಲ್ಲಿಸಲು ಯಾರು ಯಾರೊಂದಿಗೆ ಮಾತನಾಡಬೇಕು?

ಮೊದಲನೆಯ ಪ್ರಶ್ನೆಗೆ ಉತ್ತರಿಸುವಾಗ ಸದಸ್ಯರಿಗೆ ಹೆಸರುಗಳೇ ನೆನಪಿಗೆ ಬರುತ್ತವೆ. ಆ ಹೆಸರುಗಳನ್ನು ಸ್ಥಳ, ಸಮಯಗಳೊಂದಿಗೆ ಒಂದು ಪಟ್ಟಿಯಾಗಿ ಬರೆದಿಟ್ಟುಕೊಳ್ಳತಕ್ಕದ್ದು. ಮುಂದಿನ ಸಾಮಾನ್ಯ ಸಭೆಯಲ್ಲಿ ಚರ್ಚೆ ಆ ಪಟ್ಟಿಯಿಂದಲೇ ಆರಂಭವಾಗಲಿ.